ಒಂದು ಬಸ್ ನಿಲ್ದಾಣವನ್ನು ಎಲ್ಲರೂ ಬಳಸುವಂತೆ ಮಾಡಿಸುವುದು ಹೇಗೆ?

ಇಡೀ ಊರಿನ ಸಾರಿಗೆಯನ್ನು ಸರಿಮಾಡಲು ಹೊರಡಬೇಡಿ. ಒಂದೇ ಒಂದು ನಿಲ್ದಾಣ ಹಿಡಿಯಿರಿ. ನಿಮ್ಮ ಮನೆ ಹತ್ತಿರದ್ದೋ, ತಾಲೂಕು ಆಸ್ಪತ್ರೆ ಎದುರಿನದ್ದೋ, ಕಾಲೇಜು ಮುಂದಿನದ್ದೋ ಆಗಬಹುದು. ವೀಲ್‌ಚೇರ್‌ನಲ್ಲಿ ಓಡಾಡುವವರು, ಕಣ್ಣು ಕಾಣದವರು, ಕಿವಿ ಕೇಳಿಸದವರು, ಮಂಡಿನೋವಿನ ಅಜ್ಜಿ, ಇವರೆಲ್ಲ ಅಲ್ಲಿಂದ ಯಾರನ್ನೂ ಬೇಡಿಕೊಳ್ಳದೆ ಬಸ್ ಹತ್ತುವಂತಾಗಬೇಕು. ಗುರಿ ಇಷ್ಟೇ. ಇಷ್ಟಕ್ಕೇ ಬೇಕಾದಷ್ಟು ಓಡಾಟ ಇದೆ.

ಬಸ್ಸನ್ನು ಬಿಟ್ಟು ನಿಲ್ದಾಣವನ್ನು ಯಾಕೆ ಹಿಡಿಯಬೇಕು ಅಂತ ಕೇಳಬಹುದು. ಒಂದು ಲೆಕ್ಕ ನೋಡಿ. ಕೆಳನೆಲದ (ಲೋ-ಫ್ಲೋರ್) ಸಿಟಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು 400 ಮಿಲಿಮೀಟರ್ ಎತ್ತರ ಇರುತ್ತದೆ. ಮಾಮೂಲಿ ಬಸ್ಸಿನದು 900ರ ಹತ್ತಿರ. ಕೆಳನೆಲದ ಬಸ್ಸು ಬಾಗಿಲ ಕಡೆಗೆ ಬಾಗಿದರೆ 60 ಮಿ.ಮೀ. ಕಡಿಮೆಯಾಯಿತು ಅಂದುಕೊಳ್ಳೋಣ. ಉಳಿದದ್ದು 340. ಬಸ್ಸು 150 ಮಿ.ಮೀ. ಎತ್ತರದ ಫುಟ್‌ಪಾತಿಗೆ ತಾಗಿ ನಿಂತರೆ ವ್ಯತ್ಯಾಸ 190 ಮಾತ್ರ. ಬಾಗಿಲಲ್ಲಿ ಮಡಚಿಟ್ಟಿರುವ 900 ಮಿ.ಮೀ. ಉದ್ದದ ಇಳಿಜಾರು ಹಲಗೆ, ಅಂದರೆ ರ‍್ಯಾಂಪ್ ಬಿಚ್ಚಿದರೆ ಇಳಿಜಾರು ಹೆಚ್ಚುಕಮ್ಮಿ ಐದಕ್ಕೆ ಒಂದು. ಹಿಂದಿನಿಂದ ಒಬ್ಬರು ತಳ್ಳಿದರೆ ವೀಲ್‌ಚೇರ್ ಹತ್ತುತ್ತದೆ. ಅದೇ ಬಸ್ಸು ಫುಟ್‌ಪಾತ್ ಬಿಟ್ಟು ರಸ್ತೆ ಮಧ್ಯೆ ನಿಂತರೆ 340 ಮಿ.ಮೀ. ಪೂರ್ತಿ ಏರಬೇಕು. ಆಗ ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಬಸ್ಸಿಗೆ ಕೋಟಿಗಟ್ಟಲೆ ಸುರಿದು, ನಿಲ್ದಾಣದ ಮುಂದೆ ನಿಂತ ನಾಲ್ಕು ಬೈಕು ತೆಗೆಸದೇ ಇದ್ದರೆ ಆ ದುಡ್ಡೆಲ್ಲ ದಂಡ.

ಇನ್ನೊಂದು ಕಾರಣ ಕಾನೂನಿನಲ್ಲೇ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 41ನೇ ಸೆಕ್ಷನ್ ಸಾರಿಗೆಗೆ ಸಂಬಂಧಿಸಿದ್ದು. ಹಳೆಯ ಬಸ್ಸು, ರೈಲುಗಳನ್ನು ಮಾರ್ಪಡಿಸುವ ವಿಷಯ ಬಂದಾಗ ಅದು ತಾಂತ್ರಿಕವಾಗಿ ಸಾಧ್ಯವಿದ್ದರೆ, ಸುರಕ್ಷಿತವಾಗಿದ್ದರೆ, ಆರ್ಥಿಕವಾಗಿ ಹೊಂದಿದರೆ, ದೊಡ್ಡ ಬದಲಾವಣೆ ಬೇಡವಾದರೆ ಎಂದೆಲ್ಲ ಷರತ್ತು ಹಾಕುತ್ತದೆ. ಅಧಿಕಾರಿಗಳು ಮೊದಲು ಹಿಡಿಯುವುದೇ ಈ ಷರತ್ತನ್ನು. ಆದರೆ ನಿಲ್ದಾಣದಲ್ಲಿ ಇರಬೇಕಾದ ಸೌಲಭ್ಯದ ಸಾಲಿನಲ್ಲಿ ಈ ಷರತ್ತುಗಳಿಲ್ಲ. ಪಾರ್ಕಿಂಗ್, ಶೌಚಾಲಯ, ಟಿಕೆಟ್ ಕೌಂಟರ್, ಟಿಕೆಟ್ ಯಂತ್ರ ಎಂದು ಹೆಸರು ಹಿಡಿದೇ ಹೇಳಿದೆ. ಹಾಗಾಗಿ ಜಗಳ ಶುರುಮಾಡುವುದಾದರೆ ನಿಲ್ದಾಣದಿಂದಲೇ ಶುರುಮಾಡಿ.

ಮೊದಲು ಜೊತೆಗಾರರನ್ನು ಹುಡುಕಿ

ನಿಮಗೇ ಅಂಗವೈಕಲ್ಯ ಇದ್ದರೆ ಈ ಭಾಗ ಸುಲಭ. ಇಲ್ಲದಿದ್ದರೆ ಒಬ್ಬರೇ ಟೇಪ್ ಹಿಡಿದು ಹೋಗಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಾಡಿಗೆ ವೀಲ್‌ಚೇರ್ ತಂದು ಅರ್ಧ ಗಂಟೆ ಕೂತು 'ಅನುಭವ' ಪಡೆಯುವುದೂ ಬೇಡ. ಅದರಿಂದ ಫೋಟೋ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ದಿನಾ ಆ ನಿಲ್ದಾಣ ಬಳಸುವವರನ್ನು, ಬಳಸಲಾಗದೆ ಆಟೋಗೆ ದುಡ್ಡು ಕಟ್ಟುತ್ತಿರುವವರನ್ನು ಕರೆದುಕೊಂಡು ಹೋಗಿ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಆರ್‌ಡಬ್ಲ್ಯೂ ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ಇದೇ ಕೆಲಸಕ್ಕೆ ತಾಲೂಕಿಗೆ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ. ಇವರಲ್ಲಿ ಹೆಚ್ಚಿನವರಿಗೆ ಸ್ವತಃ ಅಂಗವೈಕಲ್ಯ ಇರುತ್ತದೆ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಬಸ್ ಹತ್ತಲಾಗದೆ ಕೆಲಸ ಬಿಟ್ಟರು ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತದೆ. ಅವರಿಂದ ಶುರುಮಾಡುವುದೇ ಒಳ್ಳೆಯದು.

ಟೇಪ್ ತೆಗೆದುಕೊಂಡು ಹೋಗಿ

ಬೇಕಾಗಿರುವುದು ಒಂದು ಅಳತೆ ಟೇಪು, ಇಳಿಜಾರು ತೋರಿಸುವ ಆಪ್ ಇರುವ ಫೋನು, ಒಂದು ನೋಟ್‌ಬುಕ್ಕು. ಬೆಳಗ್ಗೆ ಜನ ಜಾಸ್ತಿ ಇರುವ ಹೊತ್ತಿನಲ್ಲಿ ಒಮ್ಮೆ ಹೋಗಿ, ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ. ಖಾಲಿ ನಿಲ್ದಾಣ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ.

ರ‍್ಯಾಂಪಿನಿಂದ ಆರಂಭಿಸೋಣ, ಯಾಕೆಂದರೆ ಮೋಸ ಜಾಸ್ತಿ ನಡೆಯುವುದು ಅಲ್ಲೇ. ನಿಲ್ದಾಣದಲ್ಲಿ ಕಟ್ಟುವ ರ‍್ಯಾಂಪಿಗೆ ನಿಯಮ ಹನ್ನೆರಡಕ್ಕೆ ಒಂದು. ಅಂದರೆ 150 ಮಿ.ಮೀ. ಎತ್ತರ ಏರಲು 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಮೂರು ಮೆಟ್ಟಿಲಿನಷ್ಟು, ಸುಮಾರು 450 ಮಿ.ಮೀ. ಏರಲು 5.4 ಮೀಟರ್ ಬೇಕು. ಫೋನಿನ ಆಪ್ ಇಳಿಜಾರನ್ನು ಡಿಗ್ರಿಯಲ್ಲಿ ತೋರಿಸುತ್ತದೆ. 5ರ ಒಳಗಿದ್ದರೆ ಸರಿ. 10 ಬಂದರೆ ಅದು ಕಾಗದದಲ್ಲಿ ಲೆಕ್ಕ ತೋರಿಸಲು ಸುಮ್ನೆ ಸುರಿದ ಸಿಮೆಂಟು. ಅಗಲ 1200 ಮಿ.ಮೀ. ಇರಬೇಕು. ಎರಡೂ ಕಡೆ ಕೈಹಿಡಿ ಬೇಕು, ಅದೂ ಎರಡು ಎತ್ತರದಲ್ಲಿ: ಒಂದು ಸುಮಾರು 760, ಇನ್ನೊಂದು ಸುಮಾರು 900 ಮಿ.ಮೀ.

ಆಮೇಲೆ ರ‍್ಯಾಂಪಿನ ಎರಡೂ ತುದಿ ನೋಡಿ. ಇದನ್ನು ಮರೆಯುವವರೇ ಹೆಚ್ಚು. ಮೇಲಿನ ತುದಿಯಲ್ಲಿ ಒಂದು ಸಣ್ಣ ಹೊಸಿಲು ಇರುತ್ತದೆ. ಕೆಳಗಿನ ತುದಿ ಚರಂಡಿಯ ಕಲ್ಲುಚಪ್ಪಡಿಗೆ ಬಂದು ನಿಲ್ಲುತ್ತದೆ, ಎರಡು ಚಪ್ಪಡಿಗಳ ನಡುವೆ ವೀಲ್‌ಚೇರಿನ ಮುಂದಿನ ಚಿಕ್ಕ ಚಕ್ರ ಸಲೀಸಾಗಿ ಸಿಕ್ಕಿಬೀಳುವಷ್ಟು ಸಂದಿ ಇರುತ್ತದೆ. ಬೈಕು ಹತ್ತಬಾರದು ಅಂತ ರ‍್ಯಾಂಪಿನ ಬಾಯಿಗೇ ಕಂಬ ನೆಟ್ಟಿರುತ್ತಾರೆ. ಕಂಬಗಳ ನಡುವಿನ ಅಂತರ ಅಳೆಯಿರಿ. 900 ಮಿ.ಮೀ.ಗಿಂತ ಕಡಿಮೆ ಇದ್ದರೆ, ಕೈಯಿಂದ ಚಕ್ರ ತಳ್ಳಿಕೊಂಡು ಬರುವವರ ಮೊಣಕೈ ಕಂಬಕ್ಕೆ ಬಡಿಯುತ್ತದೆ. ತಮಾಷೆ ಏನೆಂದರೆ ಬೈಕು ಅದರಲ್ಲೂ ನುಸುಳಿಕೊಂಡು ಹೋಗುತ್ತದೆ!

ಹಳದಿ ಉಬ್ಬು ಟೈಲ್ಸ್ ಇದ್ದರೆ ಅದರ ಮೇಲೆ ಕೊನೆತನಕ ನಡೆಯಿರಿ. ಉದ್ದ ಗೆರೆ ಇರುವ ಟೈಲು 'ಈ ಕಡೆ ನಡೆ' ಎನ್ನುತ್ತದೆ, ಗುಂಡು ಚುಕ್ಕಿ ಇರುವುದು 'ನಿಲ್ಲು, ಮುಂದೆ ಏನೋ ಇದೆ' ಎನ್ನುತ್ತದೆ. ಗುತ್ತಿಗೆದಾರರಿಗೆ ಎರಡೂ ಒಂದೇ. ಸಾಲು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಹೋಗಿ ಮುಟ್ಟುತ್ತದೆಯೇ, ನಡುವೆ ತಳ್ಳುಗಾಡಿ ನಿಂತಿದೆಯೇ, ಬಸ್ಸಿನ ಬಾಗಿಲು ತೆರೆಯುವ ಜಾಗಕ್ಕೆ ಅದು ತಲುಪುತ್ತದೆಯೇ, ಬರೆದುಕೊಳ್ಳಿ. ಬಿಳಿಕೋಲು ಹಿಡಿದವರಿಗೆ ತಪ್ಪಾಗಿ ಹಾಕಿದ ಸಾಲು, ಸಾಲೇ ಇಲ್ಲದ್ದಕ್ಕಿಂತ ಅಪಾಯ.

ಉಳಿದದ್ದು ಬೇಗ ಮುಗಿಯುತ್ತದೆ. ಕೌಂಟರ್‌ಗಳಲ್ಲಿ ಒಂದಾದರೂ 800 ಮಿ.ಮೀ. ಆಸುಪಾಸಿನ ಎತ್ತರದಲ್ಲಿದೆಯೇ? ಶೌಚಾಲಯದ ಬಾಗಿಲು 900 ಮಿ.ಮೀ. ತೆರೆಯುತ್ತದೆಯೇ, ಒಳಗೆ ವೀಲ್‌ಚೇರ್ ತಿರುಗಿಸಲು 1500 ಮಿ.ಮೀ. ಜಾಗ ಇದೆಯೇ? ಅದಕ್ಕಿಂತ ಮೊದಲು, ಬೀಗ ಹಾಕಿದ್ದಾರೆಯೇ? ಚಿಹ್ನೆ ಬಾಗಿಲ ಮೇಲೆ ಇರುತ್ತದೆ, ಒಳಗೆ ಪೊರಕೆ, ಫಿನಾಯಿಲ್ ಡಬ್ಬ ಇರುತ್ತವೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ, ಬಂದ ಉತ್ತರವನ್ನು ಹಾಗೇ ಬರೆದುಕೊಳ್ಳಿ. ಬೋರ್ಡಿನ ಅಕ್ಷರ ದೊಡ್ಡದಾಗಿದೆಯೇ, ರಾತ್ರಿ ದೀಪ ಇದೆಯೇ ನೋಡಿ. ಬಸ್ಸು ಬಂದದ್ದನ್ನು ಮೈಕಿನಲ್ಲಿ ಮಾತ್ರ ಹೇಳಿದರೆ ಕಿವಿ ಕೇಳಿಸದವರಿಗೆ ಗೊತ್ತಾಗುವುದಿಲ್ಲ, ಬೋರ್ಡಿನಲ್ಲಿ ಮಾತ್ರ ತೋರಿಸಿದರೆ ಕಣ್ಣು ಕಾಣದವರಿಗೆ ಗೊತ್ತಾಗುವುದಿಲ್ಲ. ಎರಡೂ ಬೇಕು.

ಫೋಟೋ ತೆಗೆಯುವಾಗ ಟೇಪಿನ ಅಂಕಿ ಕಾಣುವಂತೆ ತೆಗೆಯಿರಿ. 'ರ‍್ಯಾಂಪ್ ಸರಿಯಿಲ್ಲ' ಎಂದರೆ ಸರಿಯಿದೆ ಅನ್ನುತ್ತಾರೆ. 'ಇಳಿಜಾರು 11 ಡಿಗ್ರಿ ಇದೆ' ಎಂದರೆ ಎಂಜಿನಿಯರ್ ಕುರ್ಚಿಯಿಂದ ಏಳಲೇಬೇಕು.

ಈ ಜಾಗ ಯಾರದು?

ಅರ್ಜಿಗಳು ಸಾಯುವುದು ಇಲ್ಲಿ. ಬಸ್ಸು ಸಾರಿಗೆ ನಿಗಮದ್ದು. ತಂಗುದಾಣ ಶಾಸಕರ ಅನುದಾನದಲ್ಲಿ ಕಟ್ಟಿದ್ದು. ಅದರ ಮೇಲಿನ ಜಾಹೀರಾತು ಯಾರೋ ಗುತ್ತಿಗೆದಾರರದು. ಫುಟ್‌ಪಾತು ಪಾಲಿಕೆ ಅಥವಾ ನಗರಸಭೆಯದು. ರಸ್ತೆ ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ. ನಿಗಮಕ್ಕೆ ಬರೆದರೆ 'ಅದು ಪಾಲಿಕೆ ವ್ಯಾಪ್ತಿ' ಎನ್ನುತ್ತಾರೆ, ಪಾಲಿಕೆಗೆ ಬರೆದರೆ 'ನಿಗಮವನ್ನು ಕೇಳಿ'.

ಹಾಗಾಗಿ ಸಮಸ್ಯೆಗಳ ಪಟ್ಟಿಯನ್ನು ಮಾಲೀಕರ ಪ್ರಕಾರ ಹಂಚಿಬಿಡಿ. ಡ್ರೈವರ್ ನಿಲ್ಲಿಸುವ ರೀತಿ, ಬಸ್ಸಿನ ರ‍್ಯಾಂಪು, ಘೋಷಣೆ, ಮೀಸಲು ಸೀಟು ಡಿಪೋ ಮ್ಯಾನೇಜರ್‌ಗೆ. ನಿಗಮದ್ದೇ ಬಸ್ ನಿಲ್ದಾಣವಾಗಿದ್ದರೆ ಕಟ್ಟಡದ ವಿಷಯ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಫುಟ್‌ಪಾತ್, ಕಂಬ, ಚಪ್ಪಡಿ ಪಾಲಿಕೆ ಆಯುಕ್ತರು ಅಥವಾ ಮುಖ್ಯಾಧಿಕಾರಿಗೆ. ಬೈಕು ನಿಲ್ಲಿಸುವುದು ಸಂಚಾರ ಪೊಲೀಸರಿಗೆ. ಪ್ರತಿ ಅರ್ಜಿಯ ಪ್ರತಿಯೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಹೋಗಲಿ. ಯಾವ ನಿಗಮ ಎಂಬುದನ್ನೂ ಸರಿಯಾಗಿ ಬರೆಯಿರಿ. ಬೆಂಗಳೂರು ನಗರಕ್ಕೆ ಬಿಎಂಟಿಸಿ, ಹುಬ್ಬಳ್ಳಿ ಕಡೆಗೆ ವಾಯವ್ಯ, ಕಲಬುರಗಿ ಕಡೆಗೆ ಕಲ್ಯಾಣ ಕರ್ನಾಟಕ, ಉಳಿದ ಕಡೆಗೆ ಕೆಎಸ್‌ಆರ್‌ಟಿಸಿ.

ಅರ್ಜಿ ಬರೆಯುವ ರೀತಿ

ಒಂದು ಪುಟ ಸಾಕು. ಕಷ್ಟ ತೋಡಿಕೊಳ್ಳುವುದು ಬೇಡ, ಕರುಣೆ ಕೇಳುವುದಂತೂ ಬೇಡವೇ ಬೇಡ. ಹೀಗೆ ಬರೆಯಬಹುದು:

"ವಿಷಯ: ____ ಬಸ್ ನಿಲ್ದಾಣದಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 41 ಮತ್ತು 45ರಂತೆ ಸೌಲಭ್ಯ ಒದಗಿಸುವ ಬಗ್ಗೆ.

ದಿನಾಂಕ ____ ರಂದು ನಾವು ಸ್ಥಳದಲ್ಲಿ ಅಳತೆ ಮಾಡಿದಾಗ ಕಂಡ ಅಂಶಗಳು: 1. ಪ್ರವೇಶದ ರ‍್ಯಾಂಪಿನ ಇಳಿಜಾರು ____ ಡಿಗ್ರಿ ಇದೆ, 5 ಡಿಗ್ರಿ ಮೀರಬಾರದು. 2. ರ‍್ಯಾಂಪಿನ ಮುಂದಿನ ಕಂಬಗಳ ಅಂತರ ____ ಮಿ.ಮೀ. ಇದೆ. 3. ವಿಕಲಚೇತನರ ಶೌಚಾಲಯಕ್ಕೆ ಬೀಗ ಹಾಕಲಾಗಿದೆ. ಫೋಟೋಗಳನ್ನು ಲಗತ್ತಿಸಿದೆ. ಇವುಗಳಲ್ಲಿ 2 ಮತ್ತು 3ನ್ನು ಕೂಡಲೇ ಸರಿಪಡಿಸಬೇಕು. 1ಕ್ಕೆ ಅಂದಾಜುಪಟ್ಟಿ ಯಾವಾಗ ತಯಾರಾಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಜಂಟಿ ಸ್ಥಳ ಪರಿಶೀಲನೆಗೆ ನಾವು ಬರಲು ಸಿದ್ಧ."

ಕೊನೆಯ ಸಾಲು ಮುಖ್ಯ. ಎಂಜಿನಿಯರ್ ಒಮ್ಮೆ ನಿಮ್ಮ ಜೊತೆ ಸ್ಥಳಕ್ಕೆ ಬಂದು, ವೀಲ್‌ಚೇರ್ ಚಪ್ಪಡಿಯ ಸಂದಿಯಲ್ಲಿ ನಿಂತುಹೋಗುವುದನ್ನು ನೋಡಿದರೆ ಮುಂದಿನ ಮಾತೇ ಬೇರೆಯಾಗುತ್ತದೆ.

ಸೆಕ್ಷನ್ 45 ಯಾಕೆ? ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಹೊರಟ ಐದು ವರ್ಷದೊಳಗೆ ಸರಿಪಡಿಸಬೇಕು ಎಂದು ಅದು ಹೇಳುತ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲೇ ಮುಗಿದಿದೆ. ಕಾಯ್ದೆಯಲ್ಲಿ 'ಸಾರ್ವಜನಿಕ ಕಟ್ಟಡ' ಎಂದರೆ ಏನು ಎಂಬ ವಿವರಣೆಯಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಪ್ಲಾಟ್‌ಫಾರ್ಮ್ ಎಲ್ಲವೂ ಸೇರಿವೆ. ಕಾಯ್ದೆ ಮೀರಿದರೆ ಸೆಕ್ಷನ್ 89ರ ಪ್ರಕಾರ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಮೊದಲ ಅರ್ಜಿಯಲ್ಲೇ ದಂಡದ ಮಾತು ಎತ್ತಬೇಡಿ. ಅದನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ.

ಅರ್ಜಿಯನ್ನು ಕೈಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 'ಸಾಹೇಬ್ರು ಇಲ್ಲ, ಇಟ್ಟು ಹೋಗಿ' ಅಂದರೆ ಟಪಾಲು ವಿಭಾಗಕ್ಕೆ ಹೋಗಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲೂ ದೂರು ದಾಖಲಿಸಿ ನಂಬರ್ ಪಡೆಯಬಹುದು. ಕೇಂದ್ರ ಸರ್ಕಾರದ ಸುಗಮ್ಯ ಭಾರತ ಆಪ್‌ನಲ್ಲಿ ಫೋಟೋ ಹಾಕಿ ದೂರು ಕೊಡಬಹುದು. ಇವು ಅರ್ಜಿಯ ಜೊತೆಗೆ ಇರಲಿ, ಅರ್ಜಿಯ ಬದಲಿಗೆ ಬೇಡ.

ದುಡ್ಡು ಬೇಡದ ಕೆಲಸ ಮೊದಲು

ಅಂದಾಜುಪಟ್ಟಿ, ಟೆಂಡರು, ಅನುದಾನ ಎಲ್ಲ ಆಗುವ ಹೊತ್ತಿಗೆ ವರ್ಷ ತಿರುಗುತ್ತದೆ. ಅಷ್ಟರೊಳಗೆ ಡಿಪೋ ಮ್ಯಾನೇಜರ್ ಹತ್ತಿರ ಹೋಗಿ ಕೂತು ಮಾತಾಡಿ. ಕೇಳಬೇಕಾದ್ದು ನಾಲ್ಕೇ ವಿಷಯ. ಆ ನಿಲ್ದಾಣದಲ್ಲಿ ಬಸ್ಸನ್ನು ಫುಟ್‌ಪಾತಿಗೆ ತಾಗಿಸಿ ನಿಲ್ಲಿಸಬೇಕು. ಬಿಳಿಕೋಲು ಕಂಡರೆ ಕಂಡಕ್ಟರ್ ಬಾಗಿಲಲ್ಲಿ ನಿಂತು ಬಸ್ ನಂಬರ್ ಮತ್ತು ಊರು ಕೂಗಿ ಹೇಳಬೇಕು. ಮೀಸಲು ಸೀಟಿನಲ್ಲಿ ಕೂತವರನ್ನು ಎಬ್ಬಿಸುವುದು ಪ್ರಯಾಣಿಕರ ಜಗಳವಾಗದೆ ಕಂಡಕ್ಟರ್ ಕೆಲಸವಾಗಬೇಕು. ಹತ್ತಿದವರು ಕೂರುವ ತನಕ ಬಸ್ಸು ಹೊರಡಬಾರದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಡ್ರೈವರ್, ಕಂಡಕ್ಟರ್‌ಗಳನ್ನು ಬೈದು ಪ್ರಯೋಜನ ಇಲ್ಲ. ಟ್ರಿಪ್ ಟೈಮು ಬಿಗಿ, ಹಿಂದೆ ಹಾರ್ನು, ನಿಲ್ದಾಣದಲ್ಲಿ ಆಟೋ. ರ‍್ಯಾಂಪ್ ಬಿಚ್ಚಿ ಮಡಚುವಷ್ಟು ಸಮಯವನ್ನು ಟ್ರಿಪ್ ಷೆಡ್ಯೂಲ್‌ನಲ್ಲೇ ಕೊಡಿ ಎಂದು ನೀವು ಬರೆದುಕೊಟ್ಟರೆ ಅವರೇ ನಿಮ್ಮ ಪರ ನಿಲ್ಲುತ್ತಾರೆ. ರ‍್ಯಾಂಪಿನ ತಿರುಗಣಿ ತುಕ್ಕು ಹಿಡಿದಿದೆ, ಗ್ರೀಸ್ ಹಾಕಿಲ್ಲ ಎಂಬ ಸುದ್ದಿಯೂ ಮೊದಲು ಸಿಗುವುದು ಅವರಿಂದಲೇ.

ಬಸ್ಸಿನೊಳಗೆ ಏನಿರಬೇಕು ಎಂಬುದಕ್ಕೂ ನಿಯಮ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2019ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿ 2020ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮೀಸಲು ಸೀಟು, ಅದರ ಚಿಹ್ನೆ, ಸೀಟಿನ ಪಕ್ಕ ಹಿಡಿಕಂಬಿ, ಊರುಗೋಲು ಇಡುವ ವ್ಯವಸ್ಥೆ, ವೀಲ್‌ಚೇರ್ ಒಳತಂದು ಭದ್ರ ಮಾಡುವ ಜಾಗ ಎಲ್ಲ ಅದರಲ್ಲಿದೆ.

ಕಣ್ಣು ಕಾಣದವರಿಗೆ ದೊಡ್ಡ ತೊಂದರೆ ಬಂದ ಬಸ್ಸು ಯಾವುದು ಎಂದು ತಿಳಿಯುವುದು. ಪಕ್ಕದವರನ್ನು ಕೇಳುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ವಿದ್ಯುತ್ ಬಸ್ಸುಗಳಂತೂ ಸದ್ದೇ ಮಾಡದೆ ಬಂದು ನಿಲ್ಲುತ್ತವೆ. ಎಲ್ಲರೂ ಹೊಗಳುವ ಗುಣವೇ ಇವರಿಗೆ ತಲೆನೋವು. ಮೈಸೂರಿನ ನಗರ ಬಸ್ಸುಗಳಲ್ಲಿ 'ಧ್ವನಿ ಸ್ಪಂದನ' ಎಂಬ ಸಾಧನ ಅಳವಡಿಸಿದ್ದಾರೆ. ಪ್ರಯಾಣಿಕರ ಕೈಯಲ್ಲಿ ಒಂದು ಚಿಕ್ಕ ರಿಮೋಟು ಇರುತ್ತದೆ. ಗುಂಡಿ ಒತ್ತಿದರೆ ಹತ್ತಿರದ ಬಸ್ಸಿನ ನಂಬರು ಗೊತ್ತಾಗುತ್ತದೆ. ಬೇಕಾದ ಬಸ್ಸನ್ನು ಆರಿಸಿದರೆ ಅದರ ಬಾಗಿಲ ಹತ್ತಿರದ ಸ್ಪೀಕರ್ ಸದ್ದು ಮಾಡುತ್ತದೆ, ಸದ್ದಿನ ಕಡೆಗೆ ನಡೆದು ಹತ್ತಬಹುದು. ನಿಮ್ಮ ಊರಿನ ಡಿಪೋಗೆ ಬರೆಯುವಾಗ ಮೈಸೂರಿನ ಉದಾಹರಣೆ ಕೊಡಿ. ಪಕ್ಕದ ಜಿಲ್ಲೆಯಲ್ಲಿ ಆಗಿರುವುದನ್ನು 'ಸಾಧ್ಯವಿಲ್ಲ' ಅನ್ನುವುದು ಕಷ್ಟ, ಅಲ್ವಾ?

ಉತ್ತರ ಬರದಿದ್ದರೆ

ಮೂವತ್ತು ದಿನ ಕಾಯಿರಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಇದನ್ನು ಮರೆತರೆ ಅದನ್ನೇ ನೆಪಮಾಡಿ ವಾಪಸ್ ಕಳಿಸುತ್ತಾರೆ. 'ಯಾಕೆ ಮಾಡಿಲ್ಲ' ಎಂದು ಕೇಳಬೇಡಿ, ದಾಖಲೆ ಕೇಳಿ. ನನ್ನ ಇಂಥ ತಾರೀಖಿನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ. ಈ ತಂಗುದಾಣದ ನಿರ್ವಹಣೆ ಯಾವ ಕಚೇರಿಯದು ಎಂಬ ಆದೇಶದ ಪ್ರತಿ ಕೊಡಿ. ಈ ಡಿಪೋದ ಕೆಳನೆಲದ ಬಸ್ಸುಗಳ ರ‍್ಯಾಂಪ್ ದುರಸ್ತಿಯ ಕಳೆದ ಒಂದು ವರ್ಷದ ದಾಖಲೆ ಕೊಡಿ. 'ನಮ್ಮದಲ್ಲ, ಅವರದು' ಎಂಬ ಆಟ ನಿಲ್ಲುವುದು ಎರಡನೇ ಪ್ರಶ್ನೆಯಿಂದ.

ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು. ವಕೀಲರು ಬೇಡ. ಸ್ವೀಕೃತಿ, ಫೋಟೋ, ಮಾಹಿತಿ ಹಕ್ಕಿನ ಉತ್ತರ ಸೇರಿಸಿ ಕಳಿಸಿ. ಸಾಕ್ಷಿ ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಏನು ಕ್ರಮ ತೆಗೆದುಕೊಂಡಿತು ಎಂದು ಮೂರು ತಿಂಗಳೊಳಗೆ ಹೇಳಬೇಕು.

ಕೋರ್ಟಿನ ದಾರಿ ಉದ್ದ, ಆದರೆ ಫಲ ಇಲ್ಲದೇ ಇಲ್ಲ. ಚೆನ್ನೈನಲ್ಲಿ ಕೆಳನೆಲದ ಬಸ್ಸಿಗಾಗಿ ವಿಕಲಚೇತನರ ಹಕ್ಕುಗಳ ಹೋರಾಟಗಾರರು ಮದ್ರಾಸ್ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡಿದರು. 2024ರಲ್ಲಿ ಹೊಸ ಕೆಳನೆಲದ ಬಸ್ಸುಗಳು ರಸ್ತೆಗಿಳಿದವು. ಅದೇ ವರ್ಷ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ಹಾಗೆ ಇಟ್ಟಿದ್ದ 2017ರ ನಿಯಮ 15 ಕಾಯ್ದೆಗೇ ವಿರುದ್ಧ ಎಂದಿತು. ಕಡ್ಡಾಯವಾಗಿ ಪಾಲಿಸಲೇಬೇಕಾದ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. 'ಅದು ಬರೀ ಮಾರ್ಗಸೂಚಿ ಕಣ್ರೀ' ಎಂದು ಯಾರಾದರೂ ಎಂಜಿನಿಯರ್ ಹೇಳಿದರೆ ಈ ತೀರ್ಪಿನ ತಾರೀಖು ಹೇಳಿ.

ಹಳ್ಳಿ ನಿಲ್ದಾಣದ ಕತೆ ಬೇರೆ

ಅಲ್ಲಿ ಕೆಳನೆಲದ ಬಸ್ಸು ಬರುವುದಿಲ್ಲ. ಕೆಂಪು ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಹಾಗಾಗಿ ನೆಲವನ್ನು ಎತ್ತರಿಸುವುದೇ ದಾರಿ. ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಗಟ್ಟಿ ಕಟ್ಟೆ, ಅದಕ್ಕೆ ಹನ್ನೆರಡಕ್ಕೆ ಒಂದರ ರ‍್ಯಾಂಪು, ಎರಡೂ ಕಡೆ ಕಂಬಿ. ಇಷ್ಟಾದರೆ ಊರುಗೋಲಿನವರು, ವಯಸ್ಸಾದವರು, ಬಸುರಿಯರು ಮೊದಲ ಮೆಟ್ಟಿಲಿಗೆ ಕಾಲಿಡಬಹುದು. ವೀಲ್‌ಚೇರ್ ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ, ಸುಳ್ಳು ಭರವಸೆ ಬೇಡ. ದುಡ್ಡಿಗೆ ದಾರಿ ಇದೆ. ಸ್ಥಳೀಯ ಸಂಸ್ಥೆಗಳು ಶೇಕಡಾ 5ರಷ್ಟು ಅನುದಾನವನ್ನು ವಿಕಲಚೇತನರಿಗಾಗಿ ಇಡಬೇಕು. ಅದು ಎಷ್ಟಿದೆ, ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಪಾಸಿನ ವಿಷಯ ಚಿಕ್ಕದಾಗಿ: ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದ್ದರೆ ಸೇವಾಸಿಂಧು ಮೂಲಕ ನಿಗಮದ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬಹುದು, ಪ್ರತಿ ವರ್ಷ ನವೀಕರಿಸಬೇಕು. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಿ ಅಥವಾ ರೈಲ್‌ಮದದ್ ಆಪ್‌ನಲ್ಲಿ ಹಾಕಿ. ವೀಲ್‌ಚೇರ್ ಬೇಕಿದ್ದರೆ ಸ್ಟೇಷನ್ ಮಾಸ್ಟರ್‌ಗೆ ಮೊದಲೇ ತಿಳಿಸಿ. ಪ್ಲಾಟ್‌ಫಾರ್ಮಿಗಿಂತ ಬೋಗಿಯ ನೆಲ ಎತ್ತರ ಇರುತ್ತದೆ. ಹಾಗಾಗಿ ಎತ್ತಿಟ್ಟು ಜೋಡಿಸುವ ರ‍್ಯಾಂಪು ಆ ನಿಲ್ದಾಣದಲ್ಲಿ ಇದೆಯೇ ಎಂದೂ ಕೇಳಿ. ಬೆಂಗಳೂರಿನ ಮೆಟ್ರೋದಲ್ಲಿ ಲಿಫ್ಟು, ಉಬ್ಬು ಟೈಲ್ಸು ಇವೆ. ಅಲ್ಲಿ ತಕರಾರು ಶುರುವಾಗುವುದು ನಿಲ್ದಾಣದ ಗೇಟಿನ ಹೊರಗೆ, ಫುಟ್‌ಪಾತಿನಲ್ಲಿ. ಅಂದರೆ ಮತ್ತೆ ಪಾಲಿಕೆಗೇ ಅರ್ಜಿ.

ಕೆಲಸ ಶುರುವಾದ ದಿನ

ಆದೇಶ ಬಂತು ಎಂದು ಸುಮ್ಮನಾಗಬೇಡಿ. ಸಿಮೆಂಟ್ ಕಲಸುವ ದಿನ ಸ್ಥಳದಲ್ಲಿ ಇರಿ. ಮೇಸ್ತ್ರಿಗೆ ಯಾರೂ 'ಹನ್ನೆರಡಕ್ಕೆ ಒಂದು' ಎಂದು ಹೇಳಿರುವುದಿಲ್ಲ, ಇರುವ ಜಾಗದಲ್ಲಿ ಹಿಡಿಸಿಬಿಡು ಎಂದಷ್ಟೇ ಹೇಳಿರುತ್ತಾರೆ. ಸುಣ್ಣದ ಗೆರೆ ಎಳೆದು ರ‍್ಯಾಂಪ್ ಎಲ್ಲಿಂದ ಶುರುವಾಗಬೇಕು ಎಂದು ತೋರಿಸಿ. ನುಣ್ಣನೆ ಹೊಳೆಯುವ ಟೈಲ್ಸ್ ತಂದಿದ್ದರೆ ವಾಪಸ್ ಕಳಿಸಲು ಹೇಳಿ, ಮಳೆಯಲ್ಲಿ ಊರುಗೋಲು ಜಾರುತ್ತದೆ. ಬಿಲ್ ಪಾಸಾಗುವ ಮೊದಲು ವೀಲ್‌ಚೇರ್ ಬಳಸುವವರೊಬ್ಬರು ಏರಿ ಇಳಿದು ನೋಡಬೇಕು ಎಂದು ಅರ್ಜಿಯಲ್ಲೇ ಕೇಳಿಟ್ಟಿರಿ. ದುಡ್ಡು ಹೋದ ಮೇಲೆ ಒಡೆದು ಕಟ್ಟುವವರು ಯಾರೂ ಇಲ್ಲ.

ಆಮೇಲೆ ಡಾಂಬರು. ಹಳೆಯ ಪದರ ಕೆರೆಯದೆ ಹೊಸದು ಹಾಕಿದಂತೆಲ್ಲ ರಸ್ತೆ ಮೇಲೇರುತ್ತದೆ, 150 ಮಿ.ಮೀ. ಇದ್ದ ಫುಟ್‌ಪಾತ್ ಅಂಚು 100ಕ್ಕೆ, 60ಕ್ಕೆ ಇಳಿಯುತ್ತದೆ. ಬಸ್ಸಿನ ರ‍್ಯಾಂಪು ಅಷ್ಟೂ ಕಡಿದಾಗುತ್ತದೆ, ಮಳೆನೀರು ನೇರ ತಂಗುದಾಣದೊಳಗೆ ಬರುತ್ತದೆ. ಪ್ರತಿ ಸಲ ಡಾಂಬರು ಹಾಕಿದ ವಾರ ಅದೇ ಟೇಪು ತೆಗೆದುಕೊಂಡು ಹೋಗಿ ಅಂಚನ್ನು ಅಳೆಯಿರಿ. ಹೊಸ ಅರ್ಜಿಯಲ್ಲಿ ಹಳೆಯ ಕಡತದ ನಂಬರು ಹಾಕಿ, ಎರಡೂ ಅಳತೆ ಪಕ್ಕಪಕ್ಕದಲ್ಲಿ ಬರೆದು ಕೊಡಿ.